ಹಳೇ ಆಸ್ಪತ್ರೆಗೆ ಮಕ್ಕಳ ವಾರ್ಡ್ ಬೇಕಾ? ರಸೀದಿ ಪುಸ್ತಕ ಆಮೇಲೆ ಮಾಡಿಸಿ

ಬ್ರಿಟಿಷರ ಕಾಲದ ನಮ್ಮ ತಾಲ್ಲೂಕು ಆಸ್ಪತ್ರೆಗೆ ಮಕ್ಕಳ ವಾರ್ಡ್ ಮಾಡಲು ಹೊರಟಾಗ ನಾವು ಮೊದಲು ಮಾಡಿಸಿದ್ದು ರಸೀದಿ ಪುಸ್ತಕ. ನಾನೊಬ್ಬ ರಿಟೈರ್ಡ್ ಎಂಜಿನಿಯರ್, ನನಗಾದರೂ ಬುದ್ಧಿ ಇರಬೇಕಿತ್ತು. ಕಟ್ಟಡ ಸರ್ಕಾರದ್ದು. ಮೊದಲು ಆಸ್ಪತ್ರೆಯ ಉಸ್ತುವಾರಿ ನೋಡುವ ಆರೋಗ್ಯ ರಕ್ಷಾ ಸಮಿತಿಯ ಠರಾವು, ಇಲಾಖೆಯ ಅನುಮತಿ. ಆಮೇಲೆ ಎಸ್ಟಿಮೇಟ್. ಅದು ಕೈಯಲ್ಲಿದ್ದರೇನೇ ದಾನಿಗಳು ಕೂತು ಮಾತಾಡುವುದು.

ದುಡ್ಡನ್ನು ಟ್ರಸ್ಟ್ ಮೂಲಕ ಎತ್ತುವುದಾದರೆ ದಾನಿಗಳಿಗೆ ಆದಾಯ ತೆರಿಗೆ ರಿಯಾಯಿತಿ ಕೊಡಿಸುವ 80ಜಿ ನೋಂದಣಿ ಮಾಡಿಸಿಕೊಳ್ಳಿ. 2,000 ರೂಪಾಯಿಗಿಂತ ಜಾಸ್ತಿ ನಗದಾಗಿ ಕೊಟ್ಟವರಿಗೆ ಅದರ ತೆರಿಗೆ ರಿಯಾಯಿತಿ ಸಿಗುವುದಿಲ್ಲ, ಚೆಕ್ ಕೇಳಿ. ಕಂಪನಿಗಳು ಸಮಾಜದ ಕೆಲಸಕ್ಕೆಂದು ಎತ್ತಿಡುವ ಸಿಎಸ್‌ಆರ್ ಹಣಕ್ಕೆ ಸಿಎಸ್‌ಆರ್-1 ಎಂಬ ಫಾರಂ ತುಂಬಿ ಟ್ರಸ್ಟಿನ ನೋಂದಣಿ ಮಾಡಿಸಬೇಕು. ಅಮೆರಿಕದಲ್ಲಿರುವ ನಮ್ಮೂರ ಹುಡುಗರು ಇನ್ನೂ ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡಿದ್ದರೆ, ಸ್ವಂತ ಉಳಿತಾಯವನ್ನು ಬ್ಯಾಂಕ್ ಮೂಲಕ ಕಳಿಸಲಿ, ತೊಂದರೆ ಇಲ್ಲ. ಅಲ್ಲಿನ ಪ್ರಜೆಗಳಾಗಿದ್ದರೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ಕಾಯ್ದೆ) ಅನುಮತಿ ಇಲ್ಲದೆ ಒಂದು ಪೈಸೆಯನ್ನೂ ಮುಟ್ಟಬೇಡಿ.

ಇನ್ನು ಗೋಡೆ. ಹಳೇ ಗೋಡೆ ಸುಣ್ಣದ ಗಾರೆಯದ್ದು. ನೆಲದಿಂದ ಎಳೆದುಕೊಂಡ ನೀರನ್ನು ಅದು ಹೊರಗೆ ಬಿಡುತ್ತಿರುತ್ತದೆ. ನಮ್ಮ ಕಂಟ್ರಾಕ್ಟರ್ ಮೇಲೆ ಸಿಮೆಂಟ್ ಬಳಿದ, ನಾನೂ ಸುಮ್ನೆ ನೋಡುತ್ತಾ ನಿಂತೆ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಬಣ್ಣವೆಲ್ಲ ಉಬ್ಬಿ ಉದುರಿತು. ಎಲ್ಲ ಕೆರೆದು ಮತ್ತೆ ಸುಣ್ಣದ ಗಾರೆಯನ್ನೇ ಮಾಡಿಸಿದೆವು. ಗಾರೆ ಕೆಲಸ ಗೊತ್ತಿರುವ ಮೇಸ್ತ್ರಿಯನ್ನು ಹುಡುಕುವುದಕ್ಕೇ ಒಂದು ತಿಂಗಳು ಹಿಡಿಯಿತು. ಎತ್ತರದ ಚಾವಣಿ ನೋಡಿ ಫಾಲ್ಸ್ ಸೀಲಿಂಗ್ ಹಾಕೋಣ ಎನ್ನುವವರು ಬಂದೇ ಬರುತ್ತಾರೆ. ಬೇಡ. ಬಿಸಿ ಗಾಳಿ ಮೇಲೇರಿ ವೆಂಟಿಲೇಟರಿನಿಂದ ಹೊರಹೋಗಲೆಂದೇ ಆ ಎತ್ತರ ಇಟ್ಟಿರುವುದು.

ಮಂಚ ಎಣಿಸುವಾಗ ತಾಯಂದಿರನ್ನು ಮರೆಯಬೇಡಿ. ಮಗು ಅಡ್ಮಿಟ್ ಆದರೆ ಅಮ್ಮನೂ ಅಲ್ಲೇ, ಹಲವು ಸಲ ಅಜ್ಜಿಯೂ. ಮಲಗಲು ಜಾಗ, ಹತ್ತಿರದಲ್ಲೇ ಬಚ್ಚಲು, ಬಿಸಿನೀರು ಬೇಕು. ದಡಾರ, ಸೀತಾಳೆ ಸಿಡುಬು (ಚಿಕನ್ ಪಾಕ್ಸ್) ಬಂದ ಮಕ್ಕಳಿಗೆ ಬೇರೆ ಕೋಣೆ ಇರಲಿ. ಆಕ್ಸಿಜನ್ ಪೈಪ್ ಎಳೆಯುವುದು ಗಾರೆ ಕೆಲಸಕ್ಕೆ ಮುಂಚೆಯೇ ಮುಗಿಯಲಿ.

ನರ್ಸ್ ಹುದ್ದೆಗಳನ್ನು ಕೇಳುವ ಪತ್ರ ಮೊದಲ ಠರಾವಿನ ಜೊತೆಗೇ ಹೋಗಬೇಕು. ನಾವು ಉದ್ಘಾಟನೆ ಆದ ಮೇಲೆ ಬರೆದೆವು. ಟೇಪು ಕತ್ತರಿಸಿದ ಬಾಗಿಲಿಗೆ ಎರಡು ತಿಂಗಳು ಬೀಗ.