ಅತ್ತೆ-ಮಾವನ ಜೊತೆ ನವೆಂಬರ್‌ನ ವಿಯೆನ್ನಾ: ನನ್ನ ಅನುಭವ

ನವೆಂಬರ್ ಮೊದಲ ವಾರ ಅತ್ತೆ-ಮಾವನನ್ನು ವಿಯೆನ್ನಾಕ್ಕೆ ಕರೆದುಕೊಂಡು ಹೋಗುತ್ತೇವೆ ಅಂದಾಗ ನಾವಿರುವ ಮ್ಯೂನಿಕ್‌ನ ಗೆಳೆಯರಲ್ಲಿ ಒಬ್ಬರೂ ಸರಿ ಅನ್ನಲಿಲ್ಲ. ಚಳಿ, ಮಳೆ, ನಾಲ್ಕೂವರೆಗೇ ಕತ್ತಲೆ. ಬರುವವರು ವಯಸ್ಸಾದವರು, ಸಾಲದ್ದಕ್ಕೆ ಸಸ್ಯಾಹಾರಿಗಳು. "ಒಂದೋ ಸೆಪ್ಟೆಂಬರ್‌ನಲ್ಲಿ ಹೋಗಿ, ಇಲ್ಲಾ ಕ್ರಿಸ್ಮಸ್ ಮಾರ್ಕೆಟ್ ಟೈಮಿಗೆ ಹೋಗಿ, ಮಧ್ಯದಲ್ಲಿ ಏನಿದೆ ಅಲ್ಲಿ?" ಅಂತ ಎಲ್ಲರದೂ ಒಂದೇ ಮಾತು. ನಾವು ಹೋಗಿಬಂದೆವು, ಚೆನ್ನಾಗೇ ಆಯಿತು. ಹಾಗೆ ಹೇಳಿದವರಲ್ಲೇ ಕೆಲವರು ಮರುವರ್ಷ ನನ್ನ ಪಟ್ಟಿ ಇಸ್ಕೊಂಡು ಅವರಪ್ಪ-ಅಮ್ಮನನ್ನು ಕರೆದುಕೊಂಡು ಹೋಗಿಬಂದಿದ್ದಾರೆ. ಅದಕ್ಕೇ ಧೈರ್ಯವಾಗಿ ಬರೆಯುತ್ತಿದ್ದೇನೆ.

ವೀಸಾ, ಇನ್ಶೂರೆನ್ಸ್, ಟಿಕೆಟ್ ಬುಕಿಂಗ್ ಎಲ್ಲ ನಿಮಗೆ ಗೊತ್ತಿರುವುದೇ. ನೇರ ವಿಷಯಕ್ಕೆ ಬರುತ್ತೇನೆ.

ಇದಕ್ಕೆ ಮುಂಚೆ ಬೇರೆ ಕಾಲಗಳಲ್ಲೂ ಹೋಗಿ ನೋಡಿದ್ದೆವು. ಜುಲೈನಲ್ಲಿ ಬಿಸಿಲು 35 ಡಿಗ್ರಿ ದಾಟಿತ್ತು. ಹಳೇ ಊರನ್ನು ಸುತ್ತುವ ರಿಂಗ್ ರಸ್ತೆಯ ಒಳಗೇ ಹೋಟೆಲ್ ಮಾಡಿದ್ದೆವು, ರಾತ್ರಿಗೆ ಇನ್ನೂರು ಯೂರೋ ಹತ್ತಿರ. ಎಸಿ ಇಲ್ಲ. ಶೋನ್‌ಬ್ರುನ್ ಅರಮನೆಯ ಕ್ಯೂನಲ್ಲಿ ನಿಂತು ಮಾವ ಸುಸ್ತಾದರು. ಎಲ್ಲಕ್ಕಿಂತ ಬೇಜಾರೆಂದರೆ ಜುಲೈ-ಆಗಸ್ಟ್‌ನಲ್ಲಿ ಸ್ಟೇಟ್ ಒಪೆರಾಕ್ಕೆ ರಜೆ. ವಿಯೆನ್ನಾಕ್ಕೆ ಹೋಗಿ ಒಪೆರಾ ಕಟ್ಟಡವನ್ನು ಹೊರಗಿನಿಂದ ನೋಡಿ ಬರುವುದಾ? ಡಿಸೆಂಬರ್‌ನಲ್ಲಿ ನಾವಿಬ್ಬರೇ ಹೋದೆವು. ರಾತ್‌ಹೌಸ್ (ನಗರಸಭೆ ಕಟ್ಟಡ) ಮುಂದಿನ ಕ್ರಿಸ್ಮಸ್ ಮಾರ್ಕೆಟ್‌ನಲ್ಲಿ ಕಾಲಿಡಲು ಜಾಗವಿರಲಿಲ್ಲ. ಜುಲೈಗಿಂತ ಸಣ್ಣ ರೂಮಿಗೆ ಜುಲೈಗಿಂತ ಜಾಸ್ತಿ ದುಡ್ಡು ಕೊಟ್ಟೆವು. ಸೆಪ್ಟೆಂಬರ್ ಕೊನೆ ಹವೆಯ ಮಟ್ಟಿಗೆ ಬಹಳ ಚಂದ. ಆದರೆ ಅದು ಕಾನ್ಫರೆನ್ಸ್‌ಗಳ ಕಾಲ. ದೊಡ್ಡ ವೈದ್ಯಕೀಯ ಸಮ್ಮೇಳನ ಬಿತ್ತು ಅಂದರೆ ಊರ ಹೊರಗಿನ ಅಪಾರ್ಟ್‌ಮೆಂಟಿನ ಬೆಲೆಯೂ ಏರುತ್ತದೆ.

ಹಾಗಾಗಿ ನಾನು ಕ್ಯಾಲೆಂಡರ್ ಇಟ್ಟುಕೊಂಡು ಕೂತೆ. ಅಕ್ಟೋಬರ್ 26 ಆಸ್ಟ್ರಿಯಾದ ರಾಷ್ಟ್ರೀಯ ದಿನ. ಅದಕ್ಕೆ ಅಂಟಿಕೊಂಡಂತೆ ಶಾಲೆಗಳ ಶರತ್ಕಾಲದ ರಜೆ. ನವೆಂಬರ್ 1 ಸರ್ವಸಂತರ ದಿನ, ಅವತ್ತೂ ರಜೆ. ರಾತ್‌ಹೌಸ್ ಮಾರ್ಕೆಟ್ ತೆರೆಯುವುದು ನವೆಂಬರ್ ಮಧ್ಯಕ್ಕೆ. ಇವೆರಡರ ನಡುವೆ ಹತ್ತು-ಹನ್ನೆರಡು ದಿನದ ಖಾಲಿ ಜಾಗ ಸಿಗುತ್ತದೆ. ಆ ಸಂದಿಯಲ್ಲಿ, ಅದೂ ಸೋಮವಾರದಿಂದ ಶುಕ್ರವಾರದ ಒಳಗೆ, ಅಡುಗೆಮನೆ ಇರುವ ಎರಡು ಬೆಡ್‌ರೂಮಿನ ಅಪಾರ್ಟ್‌ಮೆಂಟ್ ನಮಗೆ ರಾತ್ರಿಗೆ ಸುಮಾರು ನೂರು ಯೂರೋಗೆ ಸಿಕ್ಕಿತು. ಅದೇ ಮನೆ ಡಿಸೆಂಬರ್ ಎರಡನೇ ವಾರಕ್ಕೆ ಎಷ್ಟು ಅಂತ ಸುಮ್ನೆ ಹಾಕಿ ನೋಡಿದೆ. ಎರಡು ಪಟ್ಟಿಗಿಂತ ಮೇಲಿತ್ತು.

ಕತ್ತಲೆಯ ಮಾತು ನಿಜ. ಅಕ್ಟೋಬರ್ ಕೊನೆಯ ಭಾನುವಾರ ಗಡಿಯಾರ ಹಿಂದಕ್ಕೆ ಹೋದ ಮೇಲೆ ಅಲ್ಲಿ ನಾಲ್ಕೂವರೆಗೆ ಸೂರ್ಯ ಮುಳುಗುತ್ತಾನೆ. ಆದರೆ ಬೆಳಿಗ್ಗೆ ಏಳಕ್ಕೆಲ್ಲ ಬೆಳಕಿರುತ್ತದೆ, ಇದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅತ್ತೆ-ಮಾವ ಏಳುವುದೇ ಐದಕ್ಕೆ. ಎಂಟಕ್ಕೆ ಮನೆ ಬಿಡುತ್ತಿದ್ದೆವು. ಹನ್ನೆರಡೂವರೆ ತನಕ ಹೊರಗಿನ ಓಡಾಟ, ಆಮೇಲೆ ವಾಪಸ್ ಮನೆಗೆ. ಬಿಸಿ ಅನ್ನ-ಸಾರು, ಒಂದು ನಿದ್ದೆ. ಮೂರೂವರೆ-ನಾಲ್ಕಕ್ಕೆ ಮತ್ತೆ ಹೊರಟರೆ ಮ್ಯೂಸಿಯಂ, ಕಾಫಿಹೌಸ್, ಒಪೆರಾ. ಎಲ್ಲ ಒಳಗಿನ ಕೆಲಸ, ಹೊರಗೆ ಕತ್ತಲಾದರೆ ನಮಗೇನು? ಒಂದು ದಿನವನ್ನು ಎರಡು ಅರ್ಧ ಮಾಡಿದ್ದೇ ನನ್ನ ವಿಧಾನ. ವಯಸ್ಸಾದವರನ್ನು ಬೆಳಿಗ್ಗೆಯಿಂದ ರಾತ್ರಿವರೆಗೆ ಎಳೆದಾಡಿದರೆ ಎರಡನೇ ದಿನಕ್ಕೇ ಎಲ್ಲರ ಮುಖ ಗಂಟಾಗುತ್ತದೆ.

ಮಧ್ಯಾಹ್ನ ಮನೆಗೆ ಬರಬೇಕಾದರೆ ಮನೆ ಟ್ರಾಮ್ ದಾರಿಯಲ್ಲೇ ಇರಬೇಕು. ನಾವು ಮೂರನೇ ಜಿಲ್ಲೆಯಲ್ಲಿ, ರೆನ್‌ವೆಗ್ ಹತ್ತಿರ ಹಿಡಿದೆವು. ಇಲ್ಲಿ ಒಂದು ಎಚ್ಚರಿಕೆ. ವಿಯೆನ್ನಾದ ಹಳೇ ಕಟ್ಟಡಗಳಲ್ಲಿ 'ಮೊದಲನೇ ಮಹಡಿ' ಅಂತ ಬರೆದಿದ್ದರೆ ನಂಬಬೇಡಿ. ನೆಲಮಹಡಿ ಆದ ಮೇಲೆ ಹೋಖ್‌ಪಾರ್ಟೆರ್ ಅಂತ ಒಂದು, ಮೆಜ್ಜನೀನ್ ಅಂತ ಇನ್ನೊಂದು ಇರಬಹುದು, ಅವೆಲ್ಲ ಹತ್ತಿದ ಮೇಲೆ ಒಂದನೇ ಮಹಡಿ. ಲಿಫ್ಟ್ ಇದ್ದರೂ ಕೆಲವು ಕಡೆ ಅರ್ಧ ಮಹಡಿ ಮೆಟ್ಟಿಲು ಹತ್ತಿದ ಮೇಲೇ ಶುರು. ಜುಲೈ ಹೋಟೆಲಿನಲ್ಲಿ ಮಾವನ ಮಂಡಿಗೆ ಇದೇ ಕಾಟವಾಗಿತ್ತು. ಈ ಸಲ ಬುಕ್ ಮಾಡುವ ಮುಂಚೆ ಒಂದೇ ಪ್ರಶ್ನೆ ಕೇಳಿದೆ: ಬೀದಿ ಬಾಗಿಲಿನಿಂದ ಲಿಫ್ಟ್ ತನಕ ಎಷ್ಟು ಮೆಟ್ಟಿಲು? ಸರಿಯಾಗಿ ಉತ್ತರ ಕೊಡದವರನ್ನು ಬಿಟ್ಟುಬಿಟ್ಟೆ. ಬೆಲೆ ಇನ್ನೂ ಇಳಿಸಿಕೊಳ್ಳಲು ಮನೆ ಮಾಲೀಕರಿಗೆ ಏನು ಬರೆದೆ ಅನ್ನುವುದು ಮಾತ್ರ ನನ್ನ ಹತ್ತಿರವೇ ಇರಲಿ.

ಟ್ರಾಮ್-ಬಸ್ ಪಾಸ್ ವಿಷಯ. ಆಗ ವಾರದ ಪಾಸ್ ಸೋಮವಾರ ಶುರುವಾಗಿ ಮುಂದಿನ ಸೋಮವಾರ ಬೆಳಿಗ್ಗೆ 9ರ ತನಕ ನಡೆಯುತ್ತಿತ್ತು. ನಾವು ಹೋದಾಗ ಹದಿನೇಳು ಯೂರೋ ಚಿಲ್ಲರೆ, 72 ಗಂಟೆಯ ಟಿಕೆಟ್‌ಗೂ ಅಷ್ಟೇ ಇತ್ತು. ಸೋಮವಾರವೇ ಇಳಿದದ್ದರಿಂದ ನಮಗೆ ವಾರದ್ದೇ ಲಾಭವಾಯಿತು. ದುಬಾರಿ ಟೂರಿಸ್ಟ್ ಕಾರ್ಡ್ ನಾನು ಮುಟ್ಟಲಿಲ್ಲ. ರಿಂಗ್ ರಸ್ತೆ ಸುತ್ತಿಸುವ ಪ್ರವಾಸಿ ಟ್ರಾಮ್ ಕೂಡ ಹತ್ತಲಿಲ್ಲ. ಬೋರ್ಸೆಯಲ್ಲಿ 71ನೇ ನಂಬರ್ ಟ್ರಾಮ್ ಹತ್ತಿ ಬಲಗಡೆ ಕಿಟಕಿಗೆ ಕೂತರೆ ವಿಶ್ವವಿದ್ಯಾಲಯ, ರಾತ್‌ಹೌಸ್, ಪಾರ್ಲಿಮೆಂಟ್, ಎರಡು ದೊಡ್ಡ ಮ್ಯೂಸಿಯಂ ಎಲ್ಲ ಸಾಲಾಗಿ ಬರುತ್ತವೆ. ಒಪೆರಾ ಬಂದಾಗ ಮಾತ್ರ ಎಡಕ್ಕೆ ತಿರುಗಿ ನೋಡಿದರೆ ಆಯಿತು. ವಿಮಾನದಲ್ಲಿ ಬರುವವರಿಗೂ ಒಂದು ಮಾತು: ಹಸಿರು ಬಣ್ಣದ ವೇಗದ ರೈಲು 16 ನಿಮಿಷಕ್ಕೆ ಊರು ಮುಟ್ಟಿಸುತ್ತದೆ, ಎಸ್7 ಲೋಕಲ್ 25 ನಿಮಿಷ. ಆ ಒಂಬತ್ತು ನಿಮಿಷಕ್ಕೆ ತಲೆಗೆ ಎರಡು-ಮೂರು ಪಟ್ಟು ದುಡ್ಡು.

ಅದೇ 71 ಮುಂದೆ ಸೆಂಟ್ರಲ್ ಸ್ಮಶಾನಕ್ಕೆ ಹೋಗುತ್ತದೆ. ಈ ಮಾತು ಮನೆಯಲ್ಲಿ ಎತ್ತುವುದೇ ಕಷ್ಟವಾಗಿತ್ತು. "ಪ್ರವಾಸಕ್ಕೆ ಅಂತ ಬಂದು ಸ್ಮಶಾನಕ್ಕೆ ಹೋಗುವುದಾ ಮಾರಾಯ್ತಿ?" ಅಂದರು ಅತ್ತೆ. ಬೆಳಿಗ್ಗೆ ಹೋಗಿ, ಬಂದ ತಕ್ಷಣ ಸ್ನಾನ ಮಾಡಿ ಊಟ ಮಾಡೋಣ ಅಂತ ಒಪ್ಪಿಸಿದೆ. ದಿನವನ್ನು ಎರಡು ಅರ್ಧ ಮಾಡಿದ್ದಕ್ಕೆ ಇದೂ ಅನುಕೂಲವಾಯಿತು. ನವೆಂಬರ್ 1ಕ್ಕೆ ಇಡೀ ಊರು ಅಲ್ಲಿ ಸಮಾಧಿಗೆ ದೀಪ ಇಡಲು ಹೋಗುತ್ತದೆ, ಟ್ರಾಮ್‌ನಲ್ಲಿ ಉಸಿರಾಡಲು ಆಗಲ್ಲ. ಕೆಲವು ದಿನ ಬಿಟ್ಟು ಹೋದರೆ ಜನ ಇರುವುದಿಲ್ಲ, ಸೇವಂತಿಗೆ ಕುಂಡಗಳು ಹಾಗೇ ಇರುತ್ತವೆ. ಕೆಂಪು ಗಾಜಿನೊಳಗೆ ಕೆಲವು ದೀಪ ಇನ್ನೂ ಉರಿಯುತ್ತಿದ್ದವು. ಎರಡನೇ ಗೇಟಿನಲ್ಲಿ ಇಳಿಯಿರಿ. 32ಎ ವಿಭಾಗದಲ್ಲಿ ಸಂಗೀತಗಾರರಾದ ಬೀಥೋವನ್, ಶೂಬರ್ಟ್, ಬ್ರಾಮ್ಸ್ ಎಲ್ಲ ಪಕ್ಕಪಕ್ಕ ಇದ್ದಾರೆ. ಬೀಥೋವನ್ ಮತ್ತು ಶೂಬರ್ಟ್‌ರನ್ನು 1888ರಲ್ಲಿ ಬೇರೆ ಕಡೆಯಿಂದ ತಂದು ಇಲ್ಲಿಟ್ಟರು. ಮೊಜಾರ್ಟ್‌ದು ಇಲ್ಲಿ ಸ್ಮಾರಕ ಮಾತ್ರ, ಹೂತದ್ದು ಸಾಂಕ್ಟ್ ಮಾರ್ಕ್ಸ್ ಸ್ಮಶಾನದಲ್ಲಿ. ಮೇಪಲ್ ಮರಗಳ ಹಳದಿ ಎಲೆ ದಾರಿ ಪೂರ್ತಿ ಹಾಸಿತ್ತು. ಬರಲ್ಲ ಅಂದಿದ್ದ ಅತ್ತೆಯೇ ಅಲ್ಲಿ ಎಲ್ಲರಿಗಿಂತ ನಿಧಾನವಾಗಿ ನಡೆದರು. ಪ್ರತಿ ಸಮಾಧಿಯ ಹೂ ನೋಡಿ, ಯಾವುದು ಕುಂಡದ ಗಿಡ, ಯಾವುದು ಕಿತ್ತು ತಂದದ್ದು ಅಂತ ಹೇಳುತ್ತಿದ್ದರು.

ಎಲೆಗಳ ಬಣ್ಣ ನೋಡಲು ಎಲ್ಲರೂ ಪ್ರಾಟರ್ ಪಾರ್ಕಿಗೆ ಓಡುತ್ತಾರೆ. ಅಲ್ಲಿನ ಹೌಪ್ಟ್‌ಅಲ್ಲೆ ನಾಲ್ಕು ಕಿಲೋಮೀಟರ್‌ಗೂ ಉದ್ದದ ನೇರ ರಸ್ತೆ, ಎರಡೂ ಕಡೆ ಕುದುರೆ ಚೆಸ್ಟ್‌ನಟ್ ಮರ. 2019ರಲ್ಲಿ ಕೀನ್ಯಾದ ಓಟಗಾರ ಎಲಿಯುಡ್ ಕಿಪ್ಚೋಗೆ ಎರಡು ಗಂಟೆಯೊಳಗೆ ಮ್ಯಾರಥಾನ್ ದೂರ ಓಡಿದ್ದು ಇದೇ ರಸ್ತೆಯಲ್ಲಿ. ನಡೆಯಲು ಚೆನ್ನಾಗಿದೆ. ಆದರೆ ಬಣ್ಣಕ್ಕೆ ಅಂತ ಹೋಗಬೇಡಿ. ಆ ಮರಗಳ ಎಲೆಯನ್ನು ಒಂದು ಸಣ್ಣ ಪತಂಗದ ಮರಿಹುಳು ಒಳಗಿಂದ ತಿನ್ನುತ್ತದೆ, ಹಾಗಾಗಿ ಬೇಸಿಗೆ ಮುಗಿಯುವ ಮೊದಲೇ ಕಂದಾಗಿ ಸುರುಟುತ್ತವೆ. ಮಾವ ತೋಟದವರು, ಒಂದು ಎಲೆ ಬೆಳಕಿಗೆ ಹಿಡಿದು ಅದರೊಳಗಿನ ಹುಳುವಿನ ದಾರಿ ತೋರಿಸಿದರು. ಬಣ್ಣ ಬೇಕಾದರೆ ಸ್ಮಶಾನ, ಇಲ್ಲವಾದರೆ ಲೈನ್ಸರ್ ಟಿಯರ್‌ಗಾರ್ಟನ್. ಬೀಚ್, ಓಕ್ ಮರಗಳ ಹಳೇ ರಾಜರ ಬೇಟೆ ಕಾಡು ಅದು. ಪುಕ್ಕಟೆ ಪ್ರವೇಶ, ಕಾಡುಹಂದಿಗಳೂ ಕಾಣುತ್ತವೆ. ಪ್ರಾಟರ್‌ನಲ್ಲಿ ಬಿದ್ದ ಹೊಳೆಯುವ ಕಾಯಿಗಳನ್ನು ಆಯ್ದು ತಿನ್ನಲು ಹೋಗಬೇಡಿ, ಅವು ವಿಷ. ತಿನ್ನುವ ಜಾತಿ ಬೇರೆ, ಅದನ್ನು ಬೀದಿಬದಿ ಗಾಡಿಯಲ್ಲಿ ಹುರಿದು ಮರೋನಿ ಅಂತ ಮಾರುತ್ತಾರೆ. ಒಂದು ಪೊಟ್ಟಣಕ್ಕೆ ನಾಲ್ಕೈದು ಯೂರೋ. ಅದೇ ಗಾಡಿಯಲ್ಲಿ ಆಲೂಗಡ್ಡೆ ಹುರಿದದ್ದೂ ಸಿಗುತ್ತದೆ.

ಒಪೆರಾ ಬಗ್ಗೆ ಎಲ್ಲರಿಗೂ ಅನುಮಾನ ಇತ್ತು. ಕೂತು ನೋಡುವ ಒಳ್ಳೇ ಸೀಟು ನೂರು-ಇನ್ನೂರು ಯೂರೋ, ನಾಲ್ಕು ಜನಕ್ಕೆ ಆಗದ ಮಾತು. ಆದರೆ ಸ್ಟೇಟ್ ಒಪೆರಾದಲ್ಲಿ ನಿಂತು ನೋಡುವ ಟಿಕೆಟ್ ಅದೇ ದಿನ ಮಾರುತ್ತಾರೆ. ಪಾರ್ಟೆರ್‌ನದು, ಅಂದರೆ ಕೆಳಗಿನ ಹಂತದ್ದು, ಹದಿನೈದು-ಹದಿನೆಂಟು ಯೂರೋ ಇರಬೇಕು, ಮೇಲೆ ಹೋದಂತೆ ಕಡಿಮೆ. ಪಾರ್ಟೆರ್ ಜಾಗ ಮಧ್ಯದ ರಾಜಬಾಕ್ಸಿನ ಕೆಳಗೇ ಇರುವುದು, ವೇದಿಕೆ ನೇರ ಕಾಣುತ್ತದೆ. ಕೋಟು ಹೊರಗೆ ಕೊಟ್ಟು ಒಳಗೆ ಹೋಗಿ, ಮುಂದಿನ ಕಂಬಿಗೆ ಸ್ಕಾರ್ಫ್ ಕಟ್ಟಿದರೆ ಆ ಜಾಗ ನಿಮ್ಮದು. ಆಮೇಲೆ ಹೊರಗೆ ಹೋಗಿ ಕೂತು ಬರಬಹುದು. ಯಾರೂ ಮುಟ್ಟುವುದಿಲ್ಲ, ಅದು ಅಲ್ಲಿನ ರೂಢಿ. ಎದುರಿಗೇ ಸಣ್ಣ ಪರದೆಯಲ್ಲಿ ಇಂಗ್ಲಿಷ್ ಸಾಲುಗಳು ಬರುತ್ತವೆ.

ಎಪ್ಪತ್ತು ದಾಟಿದವರನ್ನು ಮೂರು ಗಂಟೆ ನಿಲ್ಲಿಸುವುದು ಹೇಗೆ? ನಾನು ಎರಡು ಇಂಟರ್ವಲ್ ಇರುವ ಒಪೆರಾ ಆರಿಸಿದೆ. ಮೊದಲ ಇಂಟರ್ವಲ್‌ಗೆ ಎದ್ದು ಬಂದರೂ ಹದಿನೈದು ಯೂರೋಗೆ ಮೋಸವಿಲ್ಲ. ಅತ್ತೆ ಹಾಗೇ ಮಾಡಿದರು, ನಮ್ಮವರು ಜೊತೆಗೆ ಮನೆಗೆ ಹೋದರು. ಮಾವ ರಾತ್ರಿಯಿಡೀ ಬಯಲಾಟ ನೋಡಿ ಬೆಳೆದವರು. ಕದಲಲಿಲ್ಲ. "ಹಿಮ್ಮೇಳವನ್ನು ಕೆಳಗೆ ಹಳ್ಳದಲ್ಲಿ ಕೂರಿಸಿದ್ದಾರಲ್ಲೇ! ಭಾಗವತರ ಮುಖ ಕಾಣದೆ ಕುಣಿಯುವವನಿಗೆ ಹೇಗೆ ಗೊತ್ತಾಗುತ್ತೆ?" ಅಂದರು. ವಾದ್ಯದವರನ್ನೂ ಹಾಡುವವರನ್ನೂ ಕೈಸನ್ನೆಯಿಂದ ನಡೆಸುವ ಕಂಡಕ್ಟರ್‌ನ ಕೈ ತೋರಿಸಿದೆ. ಆಮೇಲೆ ಹಾಡುವವರನ್ನು ಬಿಟ್ಟು ಆ ಕೈಯನ್ನೇ ನೋಡುತ್ತಾ ಕೊನೆಯವರೆಗೆ ನಿಂತರು. ಕಂಬಿಗೆ ಒರಗಿಕೊಂಡು ಕಾಲಿಗೆ ನೋವಾಗದಂತೆ ನಿಲ್ಲಲು ಒಂದು ಸರಿಯಾದ ಮೂಲೆ ಇದೆ. ಅದು ಎಲ್ಲಿ ಅಂತ ಹೇಳುವುದಿಲ್ಲ, ಮುಂದಿನ ಸಲ ನಮಗೇ ಬೇಕು.

ಕಲಾ ಇತಿಹಾಸ ಮ್ಯೂಸಿಯಂ ಸೋಮವಾರ ಬಾಗಿಲು ಮುಚ್ಚಿರುತ್ತದೆ, ಗುರುವಾರ ರಾತ್ರಿ 9ರ ತನಕ ತೆರೆದಿರುತ್ತದೆ. ಟಿಕೆಟ್ ಇಪ್ಪತ್ತು ಯೂರೋ ಮೇಲೆ. ಗುರುವಾರ ಸಂಜೆ ಆರರ ಮೇಲೆ ಹೋಗಿ, ಚಿತ್ರಕಾರ ಬ್ರೂಗೆಲ್‌ನ ಕೋಣೆಗೆ ನೇರ ನಡೆಯಿರಿ. ಎಲ್ಲರೂ 'ಹಿಮದಲ್ಲಿ ಬೇಟೆಗಾರರು' ಚಿತ್ರದ ಮುಂದೆ ನಿಂತಿರುತ್ತಾರೆ. ಅದೇ ಸರಣಿಯ 1565ರ ಇನ್ನೊಂದು ಚಿತ್ರ, ಶರತ್ಕಾಲದಲ್ಲಿ ಬೆಟ್ಟದಿಂದ ದನ ಹೊಡೆದುಕೊಂಡು ಊರಿಗೆ ಬರುವುದು, ಅದೇ ಕೋಣೆಯಲ್ಲಿದೆ. ಅತ್ತೆ ಅದರ ಮುಂದಿನ ಬೆಂಚು ಬಿಟ್ಟು ಏಳಲಿಲ್ಲ. ದನಗಳ ಹಿಂಭಾಗ, ಕೋಲು ಹಿಡಿದವರ ಬಗ್ಗಿದ ಬೆನ್ನು, ಮುಂದೆ ಮಳೆ ಕಟ್ಟಿದ ಮೋಡ. "ಮಳೆ ಬರುವುದರೊಳಗೆ ಕೊಟ್ಟಿಗೆ ಸೇರಿಸಬೇಕು ಅಂತ ಅವಸರದಲ್ಲಿದ್ದಾರೆ" ಅಂದರು. ಅದಕ್ಕೆ ನಾನು ಏನನ್ನೂ ಸೇರಿಸಬೇಕಾಗಿರಲಿಲ್ಲ. ದುಡ್ಡು ಖರ್ಚು ಬೇಡ ಅನ್ನುವವರಿಗೆ ಕಾರ್ಲ್ಸ್‌ಪ್ಲಾಟ್ಸ್‌ನಲ್ಲಿ ಊರಿನ ಚರಿತ್ರೆ ಹೇಳುವ ವೀನ್ ಮ್ಯೂಸಿಯಂ ಇದೆ. 2023ರ ಡಿಸೆಂಬರ್‌ನಲ್ಲಿ ಮತ್ತೆ ತೆರೆದ ಮೇಲೆ ಅಲ್ಲಿನ ಕಾಯಂ ಪ್ರದರ್ಶನ ಪುಕ್ಕಟೆ. ಮಳೆ ಹಿಡಿದ ಮಧ್ಯಾಹ್ನ ನಾವು ಅಲ್ಲೇ ಕಳೆದೆವು.

ಊಟಕ್ಕೆ ಬಂದರೆ, ಒಂದು ಹೊತ್ತು ಮನೆ ಅಡುಗೆ, ಇನ್ನೊಂದು ಹೊತ್ತು ಹೊರಗೆ. ಅಕ್ಕಿ, ಬೇಳೆ, ಹುಳಿಪುಡಿ, ಅವಲಕ್ಕಿ ಇಲ್ಲಿಂದಲೇ ಕೊಂಡೊಯ್ದೆ. ಹೊರಗೆ ಕುಂಬಳಕಾಯಿ ಸೂಪ್ ಕಾಲ ಅದು, ಮೇಲೆ ಕಡು ಹಸಿರು ಕುಂಬಳಬೀಜದ ಎಣ್ಣೆ ಹಾಕಿ ಕೊಡುತ್ತಾರೆ. ಮಾಂಸದ ಸ್ಟಾಕ್ ಹಾಕಿದ್ದಾರಾ ಅಂತ ಕೇಳಿಯೇ ತಗೊಳ್ಳಿ. ನಾನು ಆ ಎಣ್ಣೆಯ ಸಣ್ಣ ಬಾಟಲಿ ತಂದು ಚಟ್ನಿಪುಡಿಗೆ ಕಲಸಿ ಬಿಸಿ ಅನ್ನಕ್ಕೆ ಹಾಕಿ ನೋಡಿದೆ. ಕೊಬ್ಬರಿ ಎಣ್ಣೆಯನ್ನೇ ನೆಚ್ಚಿಕೊಂಡ ಮಾವ ಎರಡನೇ ಸಲ ಕೇಳಿ ಹಾಕಿಸಿಕೊಂಡರು. ಬಿಸಿ ಮಾಡಬಾರದು, ಹಸಿಯಾಗೇ ಹಾಕಬೇಕು. ಮಾರ್ಕೆಟ್‌ನ ಕೆಂಪು ಹೊಕ್ಕೈಡೊ ಕುಂಬಳದ ಪಲ್ಯಕ್ಕೆ ಸಿಪ್ಪೆ ತೆಗೆಯುವ ಕೆಲಸವೂ ಇಲ್ಲ. ನವೆಂಬರ್‌ನಲ್ಲಿ ಒಂದು ನಷ್ಟ ಮಾತ್ರ ಒಪ್ಪಿಕೊಳ್ಳಬೇಕು: ಇನ್ನೂ ಹುಳಿಯುತ್ತಿರುವ ದ್ರಾಕ್ಷಿರಸ, ಶ್ಟುರ್ಮ್, ಸೆಪ್ಟೆಂಬರ್-ಅಕ್ಟೋಬರ್‌ಗೇ ಮುಗಿಯುತ್ತದೆ. ಅದು ಬೇಕಾದವರು ಮುಂಚೆ ಹೋಗಿ, ಜಾಸ್ತಿ ಬಾಡಿಗೆ ಕೊಡಿ. ಬಾಟಲಿಯ ಮುಚ್ಚಳ ಗಾಳಿಯಾಡುವಂತೆ ಸಡಿಲ ಇರುತ್ತದೆ, ಬ್ಯಾಗಿನಲ್ಲಿ ಮಲಗಿಸಬೇಡಿ.

ಲೆಕ್ಕ ಹೇಳುತ್ತೇನೆ. ನಾಲ್ಕು ಜನಕ್ಕೆ ರೈಲು, ಮನೆ, ಪಾಸ್, ಒಪೆರಾ, ಮ್ಯೂಸಿಯಂ, ಹೊರಗಿನ ಊಟ ಎಲ್ಲ ಸೇರಿ ಒಂಬೈನೂರು ಯೂರೋ ಚಿಲ್ಲರೆ. ಜುಲೈನಲ್ಲಿ ಇದಕ್ಕಿಂತ ಕಡಿಮೆ ನೋಡಿ ಸಾವಿರದ ಐನೂರು ದಾಟಿತ್ತು. ಉಳಿತಾಯದಲ್ಲಿ ಅರ್ಧ ಬಾಡಿಗೆಯದು, ಉಳಿದದ್ದು ಊಟ ಮತ್ತು ರೈಲು. ಮ್ಯೂನಿಕ್‌ನಿಂದ ನೇರ ರೈಲು ನಾಲ್ಕು ಗಂಟೆ, ಬೇಗ ಬುಕ್ ಮಾಡಿದರೆ ತಲೆಗೆ ಮೂವತ್ತರ ಆಸುಪಾಸು. ವಾಪಸ್ ಬರುವಾಗ ಬೇರೆ ದಾರಿ ಮಾಡಿದೆವು. ಸಾಲ್ಜ್‌ಬರ್ಗ್ ತನಕ ಅಗ್ಗದ ಟಿಕೆಟ್, ಅಲ್ಲಿಂದ ಮ್ಯೂನಿಕ್‌ಗೆ ನಮ್ಮಿಬ್ಬರ ಡಾಯ್ಚ್‌ಲಾಂಡ್ ಟಿಕೆಟ್ (ಜರ್ಮನಿಯ ಲೋಕಲ್ ರೈಲುಗಳ ತಿಂಗಳ ಪಾಸ್) ನಡೆಯಿತು, ಅತ್ತೆ-ಮಾವನಿಗೆ ಬಯರ್ನ್ ಟಿಕೆಟ್ (ಬವೇರಿಯಾ ರಾಜ್ಯದ ಒಂದು ದಿನದ ಟಿಕೆಟ್). ವಾರದ ದಿನ ಅದು 9 ಗಂಟೆ ಮೇಲೇ ಚಾಲ್ತಿ, ನೆನಪಿರಲಿ. ಒಂದೂವರೆ ಗಂಟೆ ಜಾಸ್ತಿ ಹಿಡಿಯಿತು, ಮೂವತ್ತು ಯೂರೋ ಉಳಿಯಿತು. ಮಂಡಿ ನೋವಿನವರಿದ್ದರೆ ಈ ದಾರಿ ಬೇಡ, ನೇರ ರೈಲೇ ಸರಿ. ಯಾವ ರೈಲಾದರೂ ಜರ್ಮನಿ ಗಡಿಯ ಫ್ರೈಲಾಸಿಂಗ್‌ನಲ್ಲಿ ಪೊಲೀಸರು ಹತ್ತಬಹುದು. ಅತ್ತೆ-ಮಾವನ ಪಾಸ್‌ಪೋರ್ಟ್ ಸೂಟ್‌ಕೇಸಿನ ತಳದಲ್ಲಿ ಬೇಡ, ಕೈಚೀಲದಲ್ಲಿರಲಿ.