ರಾಯಣ್ಣನ ದಂಗೆಯೊಳಗೆ ಒಂದು ಪ್ರೇಮಕಥೆ ಬರೆದದ್ದು

ಕಿತ್ತೂರಿನ ಕಥೆಯನ್ನು ಬಹಳ ಮಂದಿ ಕಂಪನಿಯ ಕಲೆಕ್ಟರ್ ಥ್ಯಾಕರೆ ಕಾಳಗದಲ್ಲಿ ಬಿದ್ದ ದಿನದಿಂದ, ಅಂದರೆ 1824ರ ಅಕ್ಟೋಬರ್ 23ರಿಂದ ಹೇಳುತ್ತಾರೆ. ನನ್ನ ಕಾದಂಬರಿಯನ್ನು ನಾನು ಸೋಲಿನ ನಂತರ ಶುರು ಮಾಡಿದೆ. ಅದೇ ಡಿಸೆಂಬರಿನಲ್ಲಿ ಕೋಟೆ ಕೈತಪ್ಪಿತು. ಚೆನ್ನಮ್ಮ 1829ರಲ್ಲಿ ಬೈಲಹೊಂಗಲದ ಸೆರೆಯಲ್ಲೇ ತೀರಿಕೊಂಡಳು. ಪ್ರೇಮಕಥೆಗೆ ಬೇಕಾದ ಬಿಗಿ ನನಗೆ ಸಿಕ್ಕಿದ್ದು ಈ ನಡುವಿನ ವರ್ಷಗಳಲ್ಲಿ. ಸಂಸ್ಥಾನಕ್ಕಾಗಿ ಹೋರಾಡಿದವರ ಇನಾಮು ಹೊಲಗಳನ್ನು ಕಂಪನಿ ಕಸಿದುಕೊಂಡಿತು. ಚೆನ್ನಮ್ಮನ ಬಂಟ ಸಂಗೊಳ್ಳಿ ರಾಯಣ್ಣನ ಹೊಲವೂ ಹಾಗೇ ಹೋಯಿತು. ಹೊಲ ಕಳೆದುಕೊಂಡ ಮನೆಗೆ ಹೆಣ್ಣು ಕೊಡುವವರು ಯಾರು? ನನ್ನ ನಾಯಕನ ಮದುವೆ ಮುರಿದುಬೀಳುವುದು ಅಲ್ಲಿಯೇ. ಬೇರೆ ಖಳನಾಯಕ ಬೇಕಾಗಲಿಲ್ಲ.

ಆಮೇಲೆ ಹಂಗಾಮು ಹೊಂದಿಸಿದೆ. 1830ರ ಆರಂಭದಲ್ಲಿ ರಾಯಣ್ಣನ ದಂಡು ಬೀಡಿ ಎಂಬ ಊರಿನ ಸರ್ಕಾರಿ ಕಚೇರಿಗೆ ಬೆಂಕಿ ಇಟ್ಟಿತು, ಏಪ್ರಿಲ್‌ನಲ್ಲಿ ರಾಯಣ್ಣ ಸೆರೆಸಿಕ್ಕ. ಬೈಲಹೊಂಗಲ ಸೀಮೆಯ ಎರೆಹೊಲದಲ್ಲಿ ಹಿಂಗಾರಿ ಜೋಳ ಕೊಯ್ಲಿಗೆ ಬರುವುದೂ ಈ ತಿಂಗಳುಗಳಲ್ಲೇ. ರಾಯಣ್ಣನ ದಂಡು ಸೇರಿದ ನನ್ನ ನಾಯಕ ಖಾನಾಪುರದ ಕಾಡಿನಲ್ಲಿ, ಅವನ ಹುಡುಗಿ ಸುಗ್ಗಿಯಲ್ಲಿ! ರಾತ್ರಿ ರೊಟ್ಟಿಯ ಗಂಟು ತಂದವಳು ಪ್ರೀತಿಯ ಮಾತೇ ಎತ್ತುವುದಿಲ್ಲ. "ಜ್ವಾಳಾ ಕೊಯ್ಯಾಕ ಮಂದಿ ಎಣಿಸಾಕತ್ತೀನಿ. ನಿನ್ನ ಲೆಕ್ಕಕ್ಕ ಹಿಡೀಲೋ, ಬಿಡ್ಲೋ?" ಅಂತ ಕೇಳುತ್ತಾಳೆ. ಅವನು ಉತ್ತರ ಕೊಡುವುದಿಲ್ಲ. ಅವಳ ಸೊಂಟದ ಕುಡಗೋಲು ತೆಗೆದುಕೊಂಡು ಬಂಡೆಗೆ ಮಸೆದು ಕೊಡುತ್ತಾನೆ. ಇಡೀ ಕಾದಂಬರಿಯಲ್ಲಿ ನನಗೆ ಬಲು ಪ್ರಿಯವಾದ ಪುಟ ಅದು.

ಸಂಭಾಷಣೆಯೆಲ್ಲ ಆ ಸೀಮೆಯ ಮಾತಿನಲ್ಲೇ ಇದೆ. ಕಡ್ಡಿಪೆಟ್ಟಿಗೆ, ಚಹಾ ಎರಡನ್ನೂ ಹತ್ತಿರ ಸೇರಿಸಲಿಲ್ಲ; ಬೆಂಕಿಗೆ ಚಕಮಕಿ ಕಲ್ಲು, ಬಾಯಾರಿಕೆಗೆ ಮಜ್ಜಿಗೆ.

ರಾಯಣ್ಣ ಮಾತ್ರ ಕಥೆಯಲ್ಲಿ ಎದುರಿಗೆ ಬರುವುದಿಲ್ಲ. ಲಾವಣಿಗಳಲ್ಲಿ ಬದುಕಿರುವ ಮನುಷ್ಯನ ಬಾಯಿಗೆ ನನ್ನ ಮಾತು ತುರುಕಲು ಮನಸ್ಸು ಒಪ್ಪಲಿಲ್ಲ. ಅವನ ಅಪ್ಪಣೆ ಬರುತ್ತದೆ, ಬಂದು ಹೋದ ಸುದ್ದಿ ಬರುತ್ತದೆ, ಅಷ್ಟೇ.

ಹಸ್ತಪ್ರತಿ ಓದಿದ ಗೆಳತಿ, ನಾಯಕನನ್ನು ಹೇಗಾದರೂ ಉಳಿಸು ಎಂದಳು. ಪ್ರೇಮಕಾದಂಬರಿ ಓದುವವರು ಇಬ್ಬರೂ ಒಂದಾಗಲಿ ಎಂದು ಬಯಸುವುದು ನ್ಯಾಯವೇ. ಆದರೆ 1831ರ ಜನವರಿ 26ರಂದು ನಂದಗಡದಲ್ಲಿ ರಾಯಣ್ಣನನ್ನು ಗಲ್ಲಿಗೇರಿಸಿದರು. ಅವನ ಸಂಗಡಿಗರಲ್ಲೂ ಕೆಲವರಿಗೆ ಅದೇ ಶಿಕ್ಷೆಯಾಯಿತು. ಅದನ್ನು ಮರೆಮಾಚಿ ಸುಖಾಂತ ಬರೆಯುವುದು ನನ್ನಿಂದಾಗದು. ಹಾಗಾಗಿ ಅವರ ಮದುವೆಯನ್ನು ಏಪ್ರಿಲ್‌ಗೆ ಮೊದಲೇ, ರಾಶಿ ಎತ್ತಿದ ಕಣದಲ್ಲಿ ಮಾಡಿಸಿದೆ. ಸಿಕ್ಕ ಸಂಸಾರ ಕೆಲವೇ ದಿನಗಳದ್ದು. ಕಾದಂಬರಿಯ ಮೂರನೇ ಒಂದು ಪಾಲನ್ನು ಆ ದಿನಗಳಿಗೇ ಕೊಟ್ಟಿದ್ದೇನೆ.