ಫಂಡ್ ಸ್ಕ್ರೀನರ್: ಬೇಡದ್ದನ್ನು ತೆಗೆಯುತ್ತಾ ಹೋಗಿ

ರಾಶಿ ಇಡಿ ಅಡಿಕೆ ಮಂಡಿ ಸೇರಿ ದುಡ್ಡು ಖಾತೆಗೆ ಬಿದ್ದಿದೆ. ಸಾಲದ ಕಂತು, ಕೊನೆಗಾರರ ಕೂಲಿ, ಗೊಬ್ಬರದ ಖರ್ಚು ಕಳೆದು ಉಳಿದಿದ್ದನ್ನು ಮ್ಯೂಚುವಲ್ ಫಂಡ್‌ಗೆ ಹಾಕೋಣ ಎಂದುಕೊಂಡವರಿಗೆ ವ್ಯಾಲ್ಯೂ ರಿಸರ್ಚ್, ಮಾರ್ನಿಂಗ್‌ಸ್ಟಾರ್, ಟಿಕರ್‌ಟೇಪ್‌ನಂಥ ತಾಣಗಳ ಸ್ಕ್ರೀನರ್, ಅಂದರೆ ಫಂಡ್‌ಗಳನ್ನು ಸೋಸುವ ಪುಟ, ಕೈಗೆ ಸಿಗುವ ಸಾಧನ. ಅದು ಒಳ್ಳೆಯ ಫಂಡ್ ಹುಡುಕಿಕೊಡುತ್ತದೆ ಎಂದು ನಂಬಬೇಡಿ. ಬೇಡದವನ್ನು ಬದಿಗೆ ಸರಿಸುತ್ತದೆ, ಅಷ್ಟೆ.

ತಾಣ ತೆರೆಯುವ ಮೊದಲೇ ಹಣ ಯಾವಾಗ ಬೇಕೆಂದು ಲೆಕ್ಕ ಹಾಕಿ. ಈ ಮಳೆಗಾಲದ ಬೋರ್ಡೋ ಸಿಂಪಡಣೆಗೋ ಮುಂದಿನ ವರ್ಷದ ಮದುವೆಗೋ ಬೇಕಾದ ದುಡ್ಡಿಗೆ ಈಕ್ವಿಟಿ (ಷೇರುಗಳಲ್ಲಿ ಹೂಡುವ ಫಂಡ್) ಸಲ್ಲದು. ಏಳೆಂಟು ವರ್ಷ ಮುಟ್ಟುವುದಿಲ್ಲ ಎಂದಾದರೆ ಮುಂದುವರಿಯಿರಿ.

ಮೊದಲ ಫಿಲ್ಟರ್, ವರ್ಗ. ಷೇರುಪೇಟೆಯ ನಿಯಂತ್ರಕ ಸೆಬಿ 2017ರಲ್ಲಿ ಮಾಡಿದ ವಿಂಗಡಣೆಯಂತೆ ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 100 ಕಂಪನಿಗಳು ಲಾರ್ಜ್ ಕ್ಯಾಪ್, 101ರಿಂದ 250 ಮಿಡ್ ಕ್ಯಾಪ್, ಆಮೇಲಿನವು ಸ್ಮಾಲ್ ಕ್ಯಾಪ್; ಫಂಡ್ ಹೆಚ್ಚಾಗಿ ಯಾವುದರಲ್ಲಿ ಹೂಡುತ್ತದೋ ಅದರಂತೆ ಅದರ ವರ್ಗ. ಒಂದು ವರ್ಗದ ಲಾಭವನ್ನು ಇನ್ನೊಂದರ ಜತೆ ಹೋಲಿಸುವುದೆಂದರೆ ಬೆಟ್ಟೆ ಅಡಿಕೆಯ ದರ ಕಡಿಮೆ ದರ್ಜೆಯ ಗೊರಬಲಿಗೆ ಯಾಕಿಲ್ಲ ಎಂದು ಕೇಳಿದ ಹಾಗೆ.

ಎರಡನೆಯದಾಗಿ ‘ಡೈರೆಕ್ಟ್’ ಮತ್ತು ‘ಗ್ರೋತ್’ (ಲಾಭ ಹಂಚದೆ ಫಂಡ್‌ನಲ್ಲೇ ಬೆಳೆಯಲು ಬಿಡುವುದು) ಗುರುತು ಹಾಕಿ. 2013ರ ಜನವರಿಯಿಂದ ಇರುವ ಡೈರೆಕ್ಟ್ ಪ್ಲಾನ್‌ನಲ್ಲಿ ಏಜೆಂಟರ ಕಮಿಷನ್ ಇಲ್ಲ, ಹಾಗಾಗಿ ವೆಚ್ಚದ ಅನುಪಾತ, ಅಂದರೆ ನಿಮ್ಮ ಹಣದಿಂದ ಫಂಡ್ ವರ್ಷಕ್ಕೆ ಮುರಿದುಕೊಳ್ಳುವ ಶೇಕಡಾ ಪಾಲು, ಕಡಿಮೆ. ಐದು ಲಕ್ಷ ರೂಪಾಯಿ ವರ್ಷಕ್ಕೆ ಶೇ 12ರಂತೆ ಬೆಳೆದರೆ 15 ವರ್ಷಕ್ಕೆ ಸುಮಾರು 27.4 ಲಕ್ಷ, ಶೇ 11 ಆದರೆ 23.9 ಲಕ್ಷ. ಒಂದೇ ಒಂದು ಶೇಕಡಾ ಮೂರೂವರೆ ಲಕ್ಷ ನುಂಗುತ್ತದೆ! ಆದರೆ ಪೇಟೆ ಕುಸಿದಾಗ ಗಾಬರಿಬಿದ್ದು ಮಾರುವ ಸ್ವಭಾವ ನಿಮ್ಮದಾದರೆ, ತಡೆದು ನಿಲ್ಲಿಸುವ ಒಬ್ಬ ಏಜೆಂಟರಿಗೆ ಕಮಿಷನ್ ಕೊಡುವುದೂ ನಷ್ಟವಲ್ಲ.

ಹೆಚ್ಚಿನವರು ಎಡವುವುದು ಇನ್ನು ಮುಂದೆ. ಪಟ್ಟಿ ಬರುತ್ತಿದ್ದಂತೆ ಬೆರಳು ‘1 ವರ್ಷದ ರಿಟರ್ನ್’ ಮೇಲೆ ಹೋಗುತ್ತದೆ. ಒತ್ತಬೇಡಿ. ಕಳೆದ ವರ್ಷ ಯಾವ ವಲಯದ ಷೇರು ಏರಿತ್ತೋ ಆ ಫಂಡ್‌ಗಳೇ ಮೇಲೆ ಬಂದು ಕೂರುತ್ತವೆ. ಮೊಬೈಲನ್ನು ಅಡ್ಡ ಹಿಡಿದು ಬಲಕ್ಕೆ ಸರಿಸಿ, ‘ರೋಲಿಂಗ್ ರಿಟರ್ನ್’ ಅಂಕಣ ಇದೆಯೇ ನೋಡಿ. ಯಾವ ದಿನ ಹಣ ಹಾಕಿದ್ದರೂ ಐದು ವರ್ಷದಲ್ಲಿ ಸರಾಸರಿ ಎಷ್ಟು ಬರುತ್ತಿತ್ತು, ಕನಿಷ್ಠ ಎಷ್ಟು ಎಂಬುದು ಅಲ್ಲಿ ಸಿಗುತ್ತದೆ. ಸರಾಸರಿಗಿಂತ ಆ ಕನಿಷ್ಠವನ್ನೇ ನಾನು ಹೆಚ್ಚು ನಂಬುತ್ತೇನೆ. ಕೊರೊನಾಕ್ಕೆ ಪೇಟೆ ಬಿದ್ದ 2020ರ ಮಾರ್ಚ್‌ನಲ್ಲಿ ಫಂಡ್ ಎಷ್ಟು ಕುಸಿಯಿತು, ತನ್ನನ್ನು ಅಳೆಯುವ ಷೇರು ಸೂಚ್ಯಂಕಕ್ಕಿಂತ ಹೆಚ್ಚೋ ಕಡಿಮೆಯೋ ಎಂದೂ ನೋಡಿ. ಆಗಿನ್ನೂ ಹುಟ್ಟಿರದ ಫಂಡನ್ನು ಸದ್ಯ ಬಿಡಿ.

ಸ್ಟಾರ್ ರೇಟಿಂಗ್ ಹಿಂದಿನ ಸಾಧನೆಯ ಅಂಕ, ಅದಕ್ಕೆ ಅಷ್ಟೇ ಬೆಲೆ.

ಉಳಿದ ನಾಲ್ಕೈದರ ಫ್ಯಾಕ್ಟ್‌ಶೀಟನ್ನು (ಫಂಡ್‌ನ ವಿವರದ ಹಾಳೆ) ಆಯಾ ಫಂಡ್ ಕಂಪನಿಯ ತಾಣದಿಂದಲೇ ಇಳಿಸಿಕೊಂಡು ಮೊದಲ ಹತ್ತು ಷೇರುಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಯಾವುದಾದರೂ ಎರಡರಲ್ಲಿ ಬಹುಪಾಲು ಅವೇ ಹೆಸರುಗಳಿದ್ದರೆ ಒಂದು ಸಾಕು.

ಅಡಿಕೆ ದುಡ್ಡು ಒಟ್ಟಿಗೇ ಬರುವುದರಿಂದ ಅದನ್ನು ಲಿಕ್ವಿಡ್ ಫಂಡ್‌ನಲ್ಲಿಟ್ಟು (ಅಲ್ಪಾವಧಿ ಸಾಲಪತ್ರಗಳಲ್ಲಿ ಹೂಡುವ ಫಂಡ್) ತಿಂಗಳಿಗಿಷ್ಟು ಎಂದು ಎಸ್‌ಟಿಪಿ (ಒಂದು ಫಂಡ್‌ನಿಂದ ಇನ್ನೊಂದಕ್ಕೆ ಕಂತಿನಲ್ಲಿ ವರ್ಗಾಯಿಸುವ ವ್ಯವಸ್ಥೆ) ಮೂಲಕ ಈಕ್ವಿಟಿಗೆ ದಾಟಿಸಬಹುದು. ಇದಕ್ಕೆ ಎರಡೂ ಫಂಡ್ ಒಂದೇ ಕಂಪನಿಯವಾಗಿರಬೇಕು.